ಸಮುದ್ರಕ್ಕೆ ಚರಗ

ನಾನು ಮೂರು ಸಲ ಸಮುದ್ರಕ್ಕೆ ಹೋಗಿ ಬಂದವಳು. ಒಂದು ಸಲವೂ ನೀರಿಗಿಳಿದಿಲ್ಲ. ಗೋಕರ್ಣದಲ್ಲಿ ಇಡೀ ಮನೆತನದ ಚಪ್ಪಲಿ ಕಾದೆ. ಮುರುಡೇಶ್ವರದಲ್ಲಿ ಮಕ್ಕಳ ಒಣಬಟ್ಟೆ ಹಿಡಿದುಕೊಂಡು ನಿಂತೆ. ಗೋವಾದಲ್ಲಂತೂ ಎಲ್ಲರ ಮೊಬೈಲು, ವಾಚು, ಸರಗಳ ಜೊತೆಗೆ ನಮ್ಮ ಮಾವನವರ ಹಲ್ಲಿನ ಸೆಟ್ಟೂ ನನ್ನ ಕರವಸ್ತ್ರದೊಳಗಿತ್ತು. ತೆರೆಗೆ ಹೆದರಿ ಬಾಯಿ ತೆರೆದರೆ ಸೆಟ್ಟು ಸಮುದ್ರದ ಪಾಲಾದೀತೆಂದು ಮೊದಲೇ ತೆಗೆದು ಕೊಟ್ಟಿದ್ದರು. ಸಮುದ್ರ ಹೇಗಿರುತ್ತದೆ ಎಂದು ನನ್ನನ್ನು ಯಾರಾದರೂ ಕೇಳಿದ್ದರೆ, ದೂರದಲ್ಲಿ ಬೊಚ್ಚುಬಾಯಿ ಬಿಟ್ಟು ಕುಣಿಯುವ ನಮ್ಮ ಮಾವನವರ ಹಾಗಿರುತ್ತದೆ ಎನ್ನಬೇಕಾಗಿತ್ತು.

ನಮ್ಮವರು ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಚೀಲ ಯಾರು ಕಾಯಬೇಕು ಎಂಬ ಪ್ರಶ್ನೆಯೇ ನಮ್ಮ ಮನೆಯಲ್ಲಿ ಏಳುವುದಿಲ್ಲ. ಏಳುವ ಮೊದಲೇ ಯಾರೋ ಒಬ್ಬರು "ನಂದಾ ಅದಾಳಲ್ಲ" ಅಂದಿರುತ್ತಾರೆ. ಮದುವೆಯಲ್ಲಿ ಬೀಗರ ಸೂಟ್‌ಕೇಸು, ಆಸ್ಪತ್ರೆಯಲ್ಲಿ ಫೈಲು, ಬಸ್ಸಿನಲ್ಲಿ ಸೀಟು, ಎಲ್ಲದಕ್ಕೂ ನಂದಾ ಇದ್ದಾಳೆ. ನಾನೂ ಅಷ್ಟೇ, ಯಾರಾದರೂ ಕರೆದರೆ ಸಾಕು, ಸ್ಪ್ರಿಂಗ್ ಹಾಕಿದ ಹಾಗೆ ಎದ್ದು ನಿಲ್ಲುತ್ತೇನೆ. ನಲವತ್ತೆಂಟು ವರ್ಷಕ್ಕೆ ಮಂಡಿ ನೋವು ಬಂದಮೇಲೂ ಸ್ಪ್ರಿಂಗ್ ಮಾತ್ರ ಸಡಿಲಾಗಿರಲಿಲ್ಲ.

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಒಂದು ಮಧ್ಯಾಹ್ನ, ಗಲ್ಲಾದ ಹಿಂದೆ ಕುಳಿತು ಬ್ಲೌಸ್ ಪೀಸು ಮಡಚುತ್ತಿದ್ದಾಗ, ಇದ್ದಕ್ಕಿದ್ದ ಹಾಗೆ ನನಗೆ ಕುತ್ತಿಗೆಯ ತನಕ ಸಮುದ್ರದ ನೀರಿನಲ್ಲಿ ಕೂರಬೇಕು ಅನಿಸಿತು. ಅಷ್ಟೇ. ದೇವರಿಗೆ ಹರಕೆಯಿಲ್ಲ, ಡಾಕ್ಟರು ಹೇಳಿದ್ದಲ್ಲ. ಮತ್ತೆ ಎಲ್ಲರ ಜೊತೆ ಹೋದರೆ ಮತ್ತೆ ಚಪ್ಪಲಿಯೇ ಗತಿ ಎನ್ನುವುದೂ ಅದೇ ಗಳಿಗೆಯಲ್ಲಿ ಹೊಳೆಯಿತು. ಎದ್ದು ಹೋಗಿ ಗಂಡನ ಮುಂದೆ ನಿಂತೆ.

"ನಾ ಒಬ್ಬಾಕಿನ ಕಾರವಾರಕ್ಕ ಹೋಗಿ ಬರ್ತೀನ್ರಿ."

ನನ್ನ ಗಂಡ ಸಿದ್ದರಾಮ ಗಿರಾಕಿಗೆ ಅಳೆಯುತ್ತಿದ್ದ ಬಟ್ಟೆಯನ್ನು ಮತ್ತೆ ಮೊದಲಿನಿಂದ ಅಳೆಯತೊಡಗಿದರು.

"ಯಾರ ಜೋಡಿ?"

"ಒಬ್ಬಾಕಿನ ಅಂದ್ನೆಲ್ರಿ."

"ಅದು ತಿಳೀತು. ಯಾರ ಜೋಡಿ ಅಂತ ಕೇಳಾಕತ್ತೇನಿ."

ಅವರದೂ ತಪ್ಪಲ್ಲ. ನಮ್ಮ ಕಡೆ ಹೆಂಗಸು ಒಬ್ಬಳೇ ಊರು ಬಿಟ್ಟಳೆಂದರೆ ಬಾಣಂತನ ಇರಬೇಕು, ಇಲ್ಲ ಯಾರೋ ತೀರಿರಬೇಕು, ಎರಡೂ ಅಲ್ಲದಿದ್ದರೆ ಗಂಡನ ಜೊತೆ ಜಗಳವಾಗಿರಬೇಕು. ಸುದ್ದಿ ಹಬ್ಬಿದ ಮೇಲೆ ಪಕ್ಕದಂಗಡಿಯವರು ನನ್ನ ಗಂಡನನ್ನು ಚಹಾಕ್ಕೆ ಕರೆದುಕೊಂಡು ಹೋಗಿ, ಹೆಂಡತಿಯನ್ನು ಸಮಾಧಾನ ಮಾಡುವ ದಾರಿಗಳನ್ನು ತಿಳಿಸಿ ಕಳಿಸಿದರು. ಜೈನಾಪುರದಲ್ಲಿ ಹೊಲ ನೋಡಿಕೊಳ್ಳುವ ನಮ್ಮ ಭಾವ ಬಸಗೊಂಡಪ್ಪ ಫೋನು ಮಾಡಿ, "ಒಬ್ಬಾಕಿ ಯಾಕ ಹೋಗ್ತಿ? ಕ್ರೂಸರ್ ಗಾಡಿ ಹೇಳ್ತೀನಿ, ಎಲ್ಲಾರೂ ಕೂಡೇ ಹೋಗೂಣು" ಅಂದರು. ನಾನು ಆ ಇಡೀ ಗದ್ದಲದಲ್ಲಿ ನಿಜವಾಗಿ ಹೆದರಿದ್ದು ಅದೊಂದೇ ಮಾತಿಗೆ.

ಮಗಳು ವಿಜಯಲಕ್ಷ್ಮಿ ಮಾತ್ರ ನನ್ನ ಕಡೆ. ಕುಳಿತ ಜಾಗದಲ್ಲೇ ಮೊಬೈಲು ಒತ್ತಿ ಕಾರವಾರದಲ್ಲಿ ಲಾಡ್ಜು ಹಿಡಿದಳು, ತನ್ನದೊಂದು ಹಳದಿ ಚೂಡಿದಾರ ತಂದು ಕೊಟ್ಟಳು. ತಾಯಿ ಮಗಳು ಇಬ್ಬರೂ ಸೇರಿ ಎಲ್ಲ ನೋಡಿದೆವು, ಕ್ಯಾಲೆಂಡರ್ ಒಂದನ್ನು ಬಿಟ್ಟು. ಅದನ್ನು ನೋಡಿದವರು ನಮ್ಮ ಅತ್ತೆ ಮುರಿಗೆವ್ವ. ಅಡುಗೆಮನೆ ಬಾಗಿಲ ಹಿಂದಿನ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, "ನೀ ಅಲ್ಲಿ ಇರೂ ದಿನಾ ಎಳ್ಳಮಾಸಿ ಐತಿ" ಅಂದರು. ಒಳಗೆ ಹೋದರು.

ಎಳ್ಳಮಾಸಿ ಎಂದರೆ ನಮ್ಮ ಕಡೆ ಮನೆಗೆ ಬೀಗ ಹಾಕಿ ಹೊಲಕ್ಕೆ ಹೋಗುವ ಹಬ್ಬ. ಎದೆಯುದ್ದ ಬೆಳೆದು ನಿಂತ ಬಿಳಿಜೋಳದ ನಡುವೆ ಪೂಜೆ ಮಾಡಿ, ಮಾಡಿದ ಅಡುಗೆಯಲ್ಲೆಲ್ಲ ಸ್ವಲ್ಪ ಸ್ವಲ್ಪ ತೆಗೆದು ಕಲಸಿ ಹೊಲದ ಸುತ್ತ ಚೆಲ್ಲುತ್ತಾರೆ. ಭೂಮಿತಾಯಿ ಬಸುರಿ, ಅವಳ ಬಯಕೆಯ ಊಟ ಅದು. ಅದಕ್ಕೇ ಚರಗ ಅನ್ನುವುದು. ಮುಂದೆ ಒಬ್ಬ "ಹುಲ್ಲುಲ್ಲಿಗೋ" ಎಂದು ಕೂಗುತ್ತಾ ಚೆಲ್ಲಿದರೆ, ಹಿಂದೆ ಇನ್ನೊಬ್ಬ "ಸಲಾಂಬ್ರಿಗೋ" ಎನ್ನುತ್ತಾ ನೀರು ಚಿಮುಕಿಸುತ್ತಾನೆ. ಆಮೇಲೆ ದಾರಿಹೋಕರನ್ನೂ ಕರೆದು ಕೂರಿಸಿ ಊಟ. ಅಂಥ ದಿನ ಸೊಸೆ ಸಮುದ್ರದ ದಂಡೆಯಲ್ಲಿ ಚೂಡಿದಾರ ಹಾಕಿಕೊಂಡು ಅಡ್ಡಾಡುತ್ತಿದ್ದಾಳೆ ಎಂದರೆ ಬಬಲೇಶ್ವರದ ತನಕ ಎಲ್ಲರೂ ಮೂಗಿನ ಮೇಲೆ ಬೆರಳಿಡುತ್ತಾರೆ. ಮುಗಿಯಿತು ನನ್ನ ಕಾರವಾರ ಅಂದುಕೊಂಡೆ. ಅವತ್ತು ರಾತ್ರಿ ರೊಟ್ಟಿ ಬಡಿಯುವಾಗ ಸಿಟ್ಟೆಲ್ಲ ಹಿಟ್ಟಿನ ಮೇಲೆ ತೀರಿಸಿಕೊಂಡೆ. ರೊಟ್ಟಿ ಮಾತ್ರ ಬಹಳ ತೆಳ್ಳಗೆ ಬಂದವು.

ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಬಂದು ಕುಳಿತರು.

"ಹೊಲಕ್ಕ ಬಸಗೊಂಡ ಅದಾನ. ಅಲ್ಲಿ ಅಂವ ಚರಗಾ ಚೆಲ್ತಾನ. ನೀ ಎಲ್ಲಿ ಇರ್ತಿ ಅಲ್ಲೇ ಚೆಲ್ಲು. ಭೂಮಿತಾಯಿ ಜೈನಾಪುರದಾಗ ಅಷ್ಟ ಇರ್ತಾಳೇನು?"

"ಅದು ಸಮುದ್ರ ಐತ್ರಿ ಅತ್ತಿ."

"ಸಮುದ್ರದ ಬುಡಕ್ಕ ಮತ್ತೇನೈತಿ? ಮಣ್ಣ ಐತಿಲ್ಲೊ?"

ಅತ್ತೆಯ ಕರಾರು ಇಷ್ಟೇ: ಎಳ್ಳಮಾಸಿಯ ಬುತ್ತಿಯನ್ನು ಒಬ್ಬಳೇ ಕುಳಿತು ಉಣ್ಣಬಾರದು, ನಾಲ್ಕು ಜನಕ್ಕೆ ಹಾಕಬೇಕು. ಉಳಿದದ್ದನ್ನು ತಿರುಗಿ ಮನೆಗೆ ತರಬಾರದು. ಇದರ ಜೊತೆಗೆ, ಕಾರವಾರದಲ್ಲಿ ಕುಡಿಯುವ ನೀರೂ ಮೀನಿನ ವಾಸನೆ ಹೊಡೆಯುತ್ತದೆಂದು ಅವರಿಗೆ ಯಾರೋ ಹೇಳಿದ್ದರು. ಸರಿ, ಬುತ್ತಿ ಬೆಳೆಯತೊಡಗಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಕ್ ಜೋಳದ ರೊಟ್ಟಿ, ಎಣ್ಣೆಯಲ್ಲೇ ಮುಳುಗಿಸಿದ ಬದನೆಕಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಅಗಸಿ ಹಿಂಡಿ, ಶೇಂಗಾ ಹಿಂಡಿ ಎಂಬ ಎರಡು ಚಟ್ನಿಪುಡಿ, ಮಡಕಿ ಕಾಳಿನ ಪಲ್ಯ, ಮೇಲೆ ಒಂದು ಸ್ಟೀಲಿನ ಸೌಟು. ನನ್ನ ಬಟ್ಟೆಗೆ ಉಳಿದದ್ದು ಚೀಲದ ಹೊರಗಿನ ಸಣ್ಣ ಜೇಬು.

ಬಸ್ ಸ್ಟ್ಯಾಂಡಿನಲ್ಲಿ ಆ ಚೀಲ ಎತ್ತಿಕೊಡಲು ಬಂದ ಕಂಡಕ್ಟರ್ ಸೊಂಟ ಹಿಡಿದುಕೊಂಡು, "ಯಕ್ಕಾ, ಇದ್ರಾಗ ರುಬ್ಬೂ ಕಲ್ಲು ಹಾಕೀರೇನು?" ಎಂದು ಕೇಳಿದ. ಹೆಂಗಸರ ಬಿಟ್ಟಿ ಟಿಕೆಟಿಗೆ ಆಧಾರ್ ಕಾರ್ಡು ತೋರಿಸಿದೆ. "ಎಷ್ಟ ಮಂದಿ?" ಅಂದ. "ಒಬ್ಬಾಕಿನ" ಅಂದೆ. ಅವನು ಚೀಲ ನೋಡಿದ, ನನ್ನನ್ನು ನೋಡಿದ, ಟಿಕೆಟು ಹರಿದು ಕೊಟ್ಟು ಮುಂದೆ ಹೋದ. ನನ್ನ ಗಂಡ ಕಿಟಕಿಯ ಕೆಳಗೆ ನಿಂತು ನೀರಿನ ಬಾಟಲಿ ಕೊಟ್ಟರು, ಬಿಸ್ಕೀಟು ಕೊಟ್ಟರು, ಬಸ್ಸು ಹೊರಟ ಮೇಲೂ ನಾಲ್ಕು ಹೆಜ್ಜೆ ಪಕ್ಕದಲ್ಲೇ ಓಡಿಬಂದು "ಹುಷಾರ" ಅಂದರು. ಬಸ್ಸು ಊರು ದಾಟಿದ ಮೇಲೆ ನಾನು ಕಿಟಕಿಯ ಸೀಟಿನಲ್ಲಿ ಕುಳಿತಿದ್ದೇನೆ ಎಂಬುದು ಲಕ್ಷ್ಯಕ್ಕೆ ಬಂತು. ಅಷ್ಟು ವರ್ಷ ಅದು ಮಕ್ಕಳ ಜಾಗವಾಗಿತ್ತು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದಾಗಲೂ ಮೊದಲು ಹತ್ತಿ ಕಿಟಕಿಯನ್ನೇ ಹಿಡಿದೆ. ಪಕ್ಕಕ್ಕೆ ಒಂದು ಸಣ್ಣ ಹುಡುಗಿ ಬಂದು ಆಸೆಯಿಂದ ನೋಡಿದಳು. ಒಂದು ಕರ್ಚಿಕಾಯಿ ಕೊಟ್ಟೆ, ಕಿಟಕಿ ಕೊಡಲಿಲ್ಲ.

ಕಾರವಾರ ಮುಟ್ಟಿದಾಗ ಕತ್ತಲಾಗಿತ್ತು. ಲಾಡ್ಜು ಚೊಕ್ಕಟವಾಗಿತ್ತು, ಆದರೆ ನನ್ನ ಕೋಣೆಯ ಕೆಳಗೇ ಮೀನು ಹುರಿಯುವ ಅಡುಗೆಮನೆ. ಹುರಿದರೆ ಹುರಿಯಲಿ, ಅವರ ಊರು, ಅವರ ಊಟ. ಆದರೆ ನೈವೇದ್ಯದ ಅಡುಗೆಯನ್ನು ಆ ಹೊಗೆಯ ಮೇಲೆ ದಿನವಿಡೀ ಬಿಟ್ಟುಹೋಗುವ ಧೈರ್ಯ ನನಗೆ ಆಗಲಿಲ್ಲ. ರಾತ್ರಿಯೇನೋ ಚೀಲವನ್ನು ಕಿಟಕಿಯ ಹತ್ತಿರ ಎತ್ತರದಲ್ಲಿಟ್ಟು ಮಲಗಿದೆ. ಬೆಳಿಗ್ಗೆ ಸ್ನಾನ ಮಾಡಿ, ಹಳದಿ ಚೂಡಿದಾರ ಹಾಕಿಕೊಂಡು, ಕನ್ನಡಿಯಲ್ಲಿ ಕಂಡ ಹೆಂಗಸಿಗೆ ಎರಡು ಸಲ ನಕ್ಕು, ಚೀಲ ಹೆಗಲಿಗೇರಿಸಿಕೊಂಡು ಹೊರಟೆ.

ಆ ಬಿಸಿಲನ್ನು ಹೇಗೆ ಹೇಳಲಿ! ನಮ್ಮಲ್ಲೂ ಬಿಸಿಲಿಗೇನು ಬರವಿಲ್ಲ. ಆದರೆ ನಮ್ಮ ಬಿಸಿಲು ನೆತ್ತಿಯ ಮೇಲೆ ಕುಳಿತು ಕೆಲಸ ಹೇಳುತ್ತದೆ. ಇದು ಹಬ್ಬಕ್ಕೆ ಬಂದ ತವರಿನವರ ಹಾಗೆ ಮೈಮೇಲೆ ಕೈಯಾಡಿಸಿತು. ನೀಲಿ ನೀರು, ನೀರಿನ ನಡುವೆ ಗುಡ್ಡಗಳು, ದಂಡೆಯುದ್ದಕ್ಕೂ ಗಾಳಿಮರಗಳ ಸಾಲು. ಸಮುದ್ರ ಒಂದು ಕಡೆಯಿಂದ ಇನ್ನೊಂದು ಕಡೆಯ ತನಕ ಪೂರಾ ಕಾಣುತ್ತಿತ್ತು. ನನ್ನ ಮುಂದೆ ನಿಂತು ಫೋಟೋ ತೆಗೆಯಿರಿ ಎನ್ನುವ ಒಬ್ಬರೂ ಇಲ್ಲ. ದಂಡೆಯ ಮೇಲೆ ನಿಂತು "ಯವ್ವಾ" ಅಂದೆ. ಅಷ್ಟೇ ಬಂತು ಬಾಯಿಂದ.

ಚಪ್ಪಲಿ ಬಿಟ್ಟು ನೀರಿನ ಕಡೆ ನಡೆದೆ. ಪಾದ ತೊಯ್ದವು, ಹಿಮ್ಮಡಿಯ ಕೆಳಗಿನ ಮರಳು ಜಾರಿತು. ಅಷ್ಟರಲ್ಲಿ ಪೀಪಿ ಊದಿಕೊಂಡು, ಕೆಂಪು ಟೀ ಶರ್ಟಿನ ಜೀವರಕ್ಷಕ ಓಡಿಬಂದ. ಎದೆಯ ಮೇಲಿನ ಪಟ್ಟಿಯಲ್ಲಿ ಜಹೀರ ಎಂದು ಬರೆದಿತ್ತು.

"ಅಕ್ಕಾ, ಅಷ್ಟು ದೊಡ್ಡ ಚೀಲ ತಗೊಂಡು ನೀರಿಗೆ ಹೋಗ್ತೀರಾ? ಅದನ್ನ ಅಲ್ಲಿ ಇಟ್ಟು ಬನ್ನಿ. ಇವತ್ತು ಅಮಾವಾಸ್ಯೆ, ಸೆಳೆತ ಜಾಸ್ತಿ. ನಾಲ್ಕು ಗಂಟೆಗೆ ಎಲ್ಲರನ್ನೂ ಮೇಲೆ ಕರೀತೇವೆ, ಅಷ್ಟರಲ್ಲಿ ಆಡಿ ಮುಗಿಸಿ."

ಚೀಲವನ್ನು ಒಣ ಮರಳಿನ ಮೇಲೆ ಇಟ್ಟೆ. ಎರಡು ಹೆಜ್ಜೆ ನೀರಿನ ಕಡೆ ಹೋಗುವುದರೊಳಗೆ ಒಂದು ಕಾಗೆ ಬಂತು. ಅದನ್ನು ಓಡಿಸಿ ತಿರುಗಿದರೆ ನಾಯಿ ಮೂಸುತ್ತಿದೆ. ನಾಯಿಯನ್ನು ಗದರಿಸಿ ನೋಡುತ್ತೇನೆ, ಆ ಕಾಗೆ ತನ್ನ ಬೀಗರನ್ನೂ ಕರೆತಂದಿದೆ. ಚೀಲದ ಪಕ್ಕ ಕುಳಿತುಕೊಂಡೆ. ಕುಳಿತ ಮೇಲೆ ನಾನೆಲ್ಲಿ ಕುಳಿತಿದ್ದೇನೆ ಎಂದು ಅರ್ಥವಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಒಬ್ಬಳೇ ಇಷ್ಟು ದೂರ ಬಂದು, ಮತ್ತೆ ಚೀಲ ಕಾಯುತ್ತಾ ಕುಳಿತಿದ್ದೇನೆ! ಒಂಟಿಯಾಗಿ ತಿರುಗುವ ಹುಡುಗಿಯರ ವಿಡಿಯೋಗಳನ್ನು ಮಗಳು ರಾಶಿಗಟ್ಟಲೆ ತೋರಿಸಿದ್ದಳು. ಅವರು ಈಜುವಾಗ ಅವರ ಚೀಲ ಯಾರು ನೋಡುತ್ತಾರೆ ಎಂದು ಒಬ್ಬಳೂ ಹೇಳಿರಲಿಲ್ಲ.

ಕಡೆಗೆ ಒಂದು ನಿರ್ಧಾರ ಮಾಡಿದೆ. ಹೊತ್ತು ನೆತ್ತಿಗೆ ಬರುತ್ತಿದೆ. ಚರಗ ಚೆಲ್ಲಿಬಿಡುವುದು, ನಾಲ್ಕು ಜನರನ್ನು ಹಿಡಿದು ಉಣಿಸುವುದು, ಬರಿದಾದ ಚೀಲವನ್ನು ಕಾಗೆಗೇ ಬಿಟ್ಟು ನೀರಿಗಿಳಿಯುವುದು. ಹೊಲದಲ್ಲಿ ಇಡುವ ಹಾಗೆ ಮರಳಿನಲ್ಲೇ ಐದು ಕಲ್ಲು ಪಾಂಡವರೆಂದು ಇಟ್ಟು, ಕುಂಕುಮ ಹಚ್ಚಿ, ಊದಿನಕಡ್ಡಿ ಹಚ್ಚಿದೆ. ಎಲ್ಲ ಅಡುಗೆಯಿಂದ ಚೂರು ಚೂರು ತೆಗೆದು ಡಬ್ಬಿಯ ಮುಚ್ಚಳದಲ್ಲಿ ಕಲಸಿದೆ. ತಲೆಯ ಮೇಲೆ ದುಪಟ್ಟಾ ಹೊದ್ದು ಎದ್ದು ನಿಂತೆ. ನಿಂತ ಮೇಲೆ ನಾಚಿಕೆ ಶುರುವಾಯಿತು.

ಮನೆಯಲ್ಲಿ ಕೂಗುವುದು ಗಂಡಸರ ಕೆಲಸ. ನಮ್ಮ ಭಾವ ಕೂಗಿದರೆ ಮೂರು ಹೊಲದಾಚೆಯ ಹಕ್ಕಿ ಹಾರುತ್ತವೆ. ನಾನು ಬಾಗಿ, ಪಕ್ಕದವರಿಗೆ ಗುಟ್ಟು ಹೇಳುವ ಹಾಗೆ, "ಹುಲ್ಲುಲ್ಲಿಗೋ" ಅಂದು ಒಂದು ತುತ್ತು ತೆರೆಗೆ ಚೆಲ್ಲಿದೆ. ತೆರೆ ಬಂದು ತೆಗೆದುಕೊಂಡು ಹೋಯಿತು. ಇನ್ನೊಂದು ಸಲ ಸ್ವಲ್ಪ ಗಟ್ಟಿಯಾಗಿ ಅಂದೆ. ಕೊಡೆಯ ಕೆಳಗೆ ಕುಳಿತಿದ್ದ ಜೋಡಿಯೊಂದು ತಿರುಗಿ ನೋಡಿ ನಕ್ಕಿತು. ಕೂಗಿದ್ದಕ್ಕೆ ಹಿಂದಿನಿಂದ ಓಗೊಡುವವರಿಲ್ಲ, ಅರ್ಧಕ್ಕೇ ನಿಂತು ಹೋಗುತ್ತಿದೆ. ಓಗೊಡುವವಳೂ ನಾನೇ ಆದರೆ ಹುಚ್ಚಾಸ್ಪತ್ರೆಯವರು ಬಂದಾರು. ನಿನ್ನೆಯಿಂದ ಮೊದಲ ಸಲ ಒಬ್ಬಳೇ ಇರುವುದು ಮನಸ್ಸಿಗೆ ಚುಚ್ಚಿತು. ಈ ಹೊತ್ತಿಗೆ ಜೈನಾಪುರದಲ್ಲಿ ಎಲ್ಲರೂ ಜೋಳದ ನಡುವೆ ಓಡಾಡುತ್ತಿರುತ್ತಾರೆ. ಕಣ್ಣು ತುಂಬಿ ಬಂತು. ಅಳುತ್ತಾ ನಿಲ್ಲುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ನನಗೆ ನಾನೇ ಬೈದುಕೊಂಡು, ಸಿಟ್ಟಿನಲ್ಲೇ, ಇದ್ದಷ್ಟೂ ಉಸಿರು ಹಾಕಿ ಕೂಗಿದೆ.

"ಹುಲ್ಲುಲ್ಲಿಗೋ...!"

"ಸಲಾಂಬ್ರಿಗೋ...!"

ಗಾಳಿಮರಗಳ ಕಡೆಯಿಂದ ಬಂತು ಗಂಡುದನಿ. ತಿರುಗಿ ನೋಡಿದರೆ, ಪ್ಯಾಂಟು ಮೊಣಕಾಲಿಗೆ ಮಡಚಿದ ಒಬ್ಬ ಮನುಷ್ಯ ನೀರಿನ ಬಾಟಲಿ ಹಿಡಿದುಕೊಂಡು ಮರಳಿನಲ್ಲಿ ಏಳುತ್ತಾ ಬೀಳುತ್ತಾ ಓಡಿ ಬರುತ್ತಿದ್ದಾನೆ. ಅವನ ಹಿಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಒಬ್ಬ ಹೆಣ್ಣುಮಗಳು, ಅವಳ ಹಿಂದೆ ಇನ್ನೂ ಏಳೆಂಟು ಜನ.

"ನಿಲ್ರಿ ಅಕ್ಕಾರ, ನಿಲ್ರಿ! ನೀರ ಹಾಕಲಾರ್ದ ಹ್ಯಾಂಗ ಚೆಲ್ತೀರಿ?" ಎಂದು ಏದುಸಿರು ಬಿಡುತ್ತಾ ಬಂದು ನನ್ನ ಹಿಂದೆ ನಿಂತ. "ಯಾವೂರ್ರಿ ನಿಮ್ಮದು?"

"ಬಿಜಾಪುರರೀ. ಹೊಲ ಜೈನಾಪುರದಾಗ ಐತಿ. ನಿಮ್ಮದು?"

"ಕಳ್ಳಕವಟಗಿರೀ, ತಿಕೋಟಾದ ಬಾಜೂಕ. ನಾ ಅಮಸಿದ್ದ, ಈಕಿ ನನ್ನ ಹೇಣ್ತಿ ಸಾವಂತ್ರವ್ವ. ಇಲ್ಲೆ ಬಿಲ್ಡಿಂಗ್ ಕೆಲಸಾ ಮಾಡಾಕತ್ತೇವ್ರಿ. ಅಮಾಸಿಗೆ ನಾವ್ ಸಿಮೆಂಟ ಗಾರಿ ಮುಟ್ಟೂದಿಲ್ಲಲ್ರಿ, ಅದಕ್ಕ ರಜಾ. ಊರಿಗೆ ಹೋಗಿ ಬರೂವಷ್ಟು ರಜಾ ಸಿಗಲಿಲ್ಲ, ಹಿಂಗ ಗಿಡದ ಬುಡಕ ಕುಂತಿದ್ವಿ."

ಸಾವಂತ್ರವ್ವ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದಳು. "ಮುಂಜಾನಿಂದ ಮಾರಿ ಸಣ್ಣದು ಮಾಡಿಕೊಂಡು ಕುಂತಾರ್ರಿ ಇವರು. ನಿಮ್ಮ ದನಿ ಕೇಳಿದ ಕೂಡ್ಲೇ ಕರೆಂಟ್ ಹೊಡದಂಗ ಎದ್ರು."

ಆಮೇಲೆ ನಡೆದದ್ದು ನೋಡಲು ನಮ್ಮ ಭಾವ ಇರಬೇಕಿತ್ತು. ನಾನು ಮುಂದೆ, ಅಮಸಿದ್ದ ಹಿಂದೆ, ಉಳಿದವರು ಸಾಲಾಗಿ. ನಾನು ಕೂಗಿದರೆ ಎಲ್ಲರೂ ಒಟ್ಟಿಗೆ ಓಗೊಡುವವರು. ಸಮುದ್ರಕ್ಕೆ ಸುತ್ತು ಹಾಕುವುದು ಆಗದ ಮಾತು, ಆದ್ದರಿಂದ ದಂಡೆಯುದ್ದಕ್ಕೂ ಹೋಗಿ ತಿರುಗಿ ಬಂದೆವು. ಮೇಲೆ ಕಾಗೆಗಳು, ಅವುಗಳ ಮೇಲೆ ಕಡಲಹಕ್ಕಿಗಳು. ಆ ಹಾಳು ನಾಯಿಗೂ ಪಾಲು ಸಿಕ್ಕಿತು. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಕೊಡೆಯ ಕೆಳಗಿನ ಜೋಡಿಯೂ ಎದ್ದು ಬಂದು ಸಾಲಿನ ಕೊನೆಗೆ ಸೇರಿತು. ಜಹೀರ ಪೀಪಿ ಬಾಯಲ್ಲಿಟ್ಟುಕೊಂಡು, ಊದಬೇಕೋ ಬೇಡವೋ ತಿಳಿಯದೆ ನೋಡುತ್ತಾ ನಿಂತಿದ್ದ.

"ನೀವೂ ಬರ್ರಿ, ಊಟಕ್ಕ" ಎಂದು ಅವನನ್ನೂ ಕರೆದೆ.

ಗಾಳಿಮರದ ನೆರಳಿನಲ್ಲಿ ದುಪಟ್ಟಾ ಹಾಸಿ ಬುತ್ತಿ ಬಿಚ್ಚಿದೆ. ಎಣ್ಣೆಗಾಯಿಯ ವಾಸನೆ ಏಳುತ್ತಿದ್ದಂತೆ ಎಲ್ಲರೂ ಹತ್ತಿರ ಸರಿದು ಕುಳಿತರು. ಕಡಕ್ ರೊಟ್ಟಿ ಮುರಿಯುವ ಸದ್ದು ಶುರುವಾದದ್ದೇ ತಡ, ಮಾತೂ ಶುರುವಾಯಿತು. ಯಾರ ಹೊಲದಲ್ಲಿ ಏನು ಬೆಳೆ, ಈ ವರ್ಷ ದ್ರಾಕ್ಷಿ ಹೇಗಿದೆ, ಯಾರ ಮನೆಯ ಹೋಳಿಗೆ ಮೆತ್ತಗೆ. ಸೌಟು ನನ್ನ ಕೈಯಲ್ಲಿತ್ತು. ಒಬ್ಬರಿಗೆ ಪಲ್ಯ, ಒಬ್ಬರಿಗೆ ಹಿಂಡಿ, ಜಹೀರನಿಗೆ ಖಾರ ಹತ್ತಿದಾಗ ಹೋಳಿಗೆ. ಸಾವಂತ್ರವ್ವ "ನೀವೂ ಕೂಡ್ರಿ ಅಕ್ಕಾರ, ನಾ ಬಡಸ್ತೀನಿ" ಎಂದು ಸೌಟಿಗೆ ಕೈ ಹಾಕಿದರೆ, "ಇರಲಿ ತಗೋ, ನೀ ಉಣ್ಣು" ಎಂದು ಹಿಂದಕ್ಕೆಳೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸುಖವಾಗುತ್ತಿತ್ತು. ಹಸಿದವರು ಸವಿದು ಉಣ್ಣುವುದನ್ನು ನೋಡುವ ಸುಖ ದೊಡ್ಡದು. ಅದು ಎಷ್ಟು ದೊಡ್ಡದೆಂದರೆ, ಅದರಲ್ಲಿ ನನ್ನ ಸಮುದ್ರವೇ ಮರೆತುಹೋಯಿತು. ಒಂದು ಸಲ ತಲೆ ಎತ್ತಿ ನೋಡಿದಾಗ ಬಿಸಿಲು ಇಳಿದು ಹಳದಿಯಾಗಿತ್ತು. ಜಹೀರ ಕೈ ತೊಳೆದು ವಾಚು ನೋಡಿಕೊಂಡು, "ಅಕ್ಕಾ, ನೀರಿಗೆ ಹೋಗುವುದಿದ್ದರೆ ಈಗಲೇ. ಇನ್ನು ಸ್ವಲ್ಪ ಹೊತ್ತು ಅಷ್ಟೇ" ಎಂದು ಹೇಳಿ ಹೋದ. ಮರುದಿನ ನಸುಕಿಗೇ ನನ್ನ ಬಸ್ಸು.

"ಹೂಂ, ಹೊಂಟೆ" ಅಂದೆ. ಅಷ್ಟರಲ್ಲಿ ಯಾರೋ "ಅಕ್ಕಾರ, ಅಗಸಿ ಹಿಂಡಿ ಐತೇನ್ರಿ?" ಅಂದರು. ಡಬ್ಬಿ ಹುಡುಕತೊಡಗಿದೆ. ಆಗ ಫೋನು ಬಡಿಯಿತು.

ವಿಡಿಯೋ ಕಾಲು. ಜೋಳದ ತೆನೆಗಳ ನಡುವೆ ಅತ್ತೆಯ ಮುಖ ಅರ್ಧ ಕಾಣುತ್ತಿತ್ತು. ಫೋನು ಹಿಡಿದ ವಿಜಯಲಕ್ಷ್ಮಿಯ ನಗು ಮಾತ್ರ ಕೇಳುತ್ತಿತ್ತು.

"ನಂದಾ! ಚರಗಾ ಆತೇನ ಬೇ?"

"ಆತ್ರಿ ಅತ್ತಿ, ಛಲೋ ಆತು. ನಮ್ಮ ಕಡೀ ಮಂದೀನ ಸಿಕ್ಕಾರ ನೋಡ್ರಿ, ಉಣ್ಣಾಕತ್ತಾರ."

"ಛಲೋ ಆತು. ನೀರಾಗ ಇಳದೇನು?"

"ಇನ್ನೂ ಇಲ್ರಿ. ಬಡಸಾಕತ್ತೇನಿ."

ಅತ್ತೆ ಫೋನನ್ನು ಮೊಮ್ಮಗಳ ಕೈಯಿಂದ ಕಿತ್ತುಕೊಂಡರೆಂದು ಕಾಣುತ್ತದೆ. ಸ್ಕ್ರೀನಿನ ತುಂಬ ಅವರ ಒಂದು ಕಣ್ಣು, ಅರ್ಧ ಮೂಗು, ನತ್ತು.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು ಅಂತಾರ. ನೀ ನೀರಿಗಂತನ ಹೋಗಿ ಬಡಸ್ಕೋತ ಕುಂತಿ! ಯಾರು ಹೇಳ್ಯಾರ ನಿನಗ?"

"ನೀವ ಹೇಳೀರಲ್ರಿ, ನಾಕ ಮಂದೀಗೆ ಹಾಕಂತ."

"ಹಾಕಂತ ಹೇಳೀನಿ. ಎದುರಿಗೆ ನಿಂತು ಕಾಯಂತ ಹೇಳೀನೇನು? ಅವರಿಗೆ ಕೈ ಇಲ್ಲೇನು?" ಅತ್ತೆಯ ದನಿ ತಗ್ಗಿತು. "ಕೇಳ ಇಲ್ಲೆ ನಂದಾ. ನೀ ಚೀಲಾ ಕಾಯೂದು ನಾ ಕಂಡಿಲ್ಲ ಅನಕೋಬ್ಯಾಡ. ಮೂರೂ ಸಲಾ ಕಂಡೀನಿ. ಗೋವಾದಾಗ ನೀರಾಗಿಂದ ನಿನ್ನ ನೋಡ್ಕೋತ ಇದ್ನಿ. ಕರೀಬೇಕು ಅನಸ್ತು, ಕರೀಲಿಲ್ಲ. ಕರದಿದ್ರ ನಾ ಮ್ಯಾಲ ಬಂದು ಕುಂಡ್ರಬೇಕಾಗ್ತಿತ್ತು. ನನಗೂ ನೀರು ಬಿಟ್ಟು ಬರೂ ಮನಸ್ಸಿರಲಿಲ್ಲ ಬೇ, ಅಷ್ಟ ಛಲೋ ಇತ್ತು. ಈಗ ಆ ಸೌಟು ಕೆಳಗಿಡು."

"ಅತ್ತಿ..."

"ಇಡು ಅಂದೆ."

ನಾನು ಸೌಟು ಸಾವಂತ್ರವ್ವನ ಕೈಗೆ ಕೊಟ್ಟೆ, ಫೋನನ್ನೂ ಅವಳಿಗೇ ಕೊಟ್ಟೆ. ನಮ್ಮ ಅತ್ತೆ ಅವಳ ಜೊತೆ ಕಳ್ಳಕವಟಗಿಯ ಯಾವ ಮನೆ, ಯಾರ ಸೊಸೆ ಎಂದು ವಿಚಾರಿಸತೊಡಗಿದ್ದು ಹಿಂದಿನಿಂದ ಕೇಳುತ್ತಿತ್ತು. ನಾನು ಓಡಿದೆ. ಮಂಡಿನೋವಿನವಳು, ನಲವತ್ತೆಂಟರವಳು, ಮಗಳ ಹಳದಿ ಚೂಡಿದಾರದಲ್ಲಿ, ಎಲ್ಲರೂ ನೋಡುತ್ತಿರುವಾಗ, ಕೈ ಬೀಸಿಕೊಂಡು ಓಡಿದೆ.

ಮೊದಲ ತೆರೆ ಮೊಣಕಾಲಿಗೆ ಬಡಿಯಿತು. ಎರಡನೆಯದು ಸೊಂಟ ಹಿಡಿದು ಕೂರಿಸಿಯೇಬಿಟ್ಟಿತು. ಮೂಗಿನಲ್ಲಿ ನೀರು, ಬಾಯಲ್ಲಿ ಉಪ್ಪು, ಕಿವಿಯಲ್ಲಿ ಮರಳು. ಎದ್ದೆ, ಮತ್ತೆ ಬಿದ್ದೆ. ಆಮೇಲೆ ಏಳುವ ಗೋಜಿಗೇ ಹೋಗದೆ ಅಲ್ಲೇ ಕುಳಿತೆ. ನೀರು ಕುತ್ತಿಗೆಯ ತನಕ ಬಂದು, ಇಳಿದು, ಮತ್ತೆ ಬಂತು. ಮೈಯೆಲ್ಲ ಹಗುರ. ಎರಡೂ ಕೈ ಖಾಲಿ. ಆ ಖಾಲಿ ಕೈಗಳನ್ನು ನೀರಿನ ಮೇಲೆ ಚಾಚಿ ನೋಡಿದೆ, ಬೆರಳುಗಳ ನಡುವೆ ಬಿಸಿಲು ಸೋರುತ್ತಿತ್ತು. ನಗು ಬಂತು, ಗಟ್ಟಿಯಾಗಿ ನಕ್ಕೆ. ನಗುತ್ತಾ ಒಂದಿಷ್ಟು ಕಣ್ಣೀರೂ ಹಾಕಿದೆ. ಅಲ್ಲಿ ಯಾವ ಉಪ್ಪು ಯಾರದೆಂದು ಯಾರಿಗೆ ಗೊತ್ತಾಗಬೇಕು?

ಎಷ್ಟು ಹೊತ್ತಾಯಿತೋ, ದಂಡೆಯಲ್ಲಿ ಪೀಪಿ ಊದಿತು. ನೀರಿನಲ್ಲಿದ್ದವರೆಲ್ಲ ಒಬ್ಬೊಬ್ಬರೇ ಮೇಲೆ ಹೋದರು. ಗಾಳಿಮರದ ಕೆಳಗಿನಿಂದ ಸಾವಂತ್ರವ್ವ ಎರಡೂ ಕೈ ಎತ್ತಿ ಕೂಗುತ್ತಿದ್ದಳು.

"ಅಕ್ಕಾರಾ! ನಿಮಗ ಬಡಸೇವ್ರಿ! ಬರ್ರಿ ಉಣ್ಣಾಕ!"

ಕರೆದದ್ದು ಕೇಳಿದ ಕೂಡಲೇ ಅಭ್ಯಾಸದಂತೆ ಕಾಲು ನೆಲಕ್ಕೂರಿ ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಇನ್ನೊಂದು ತೆರೆ ಬರುತ್ತಿರುವುದು ಕಂಡಿತು. ತಿರುಗಿ ಕುಳಿತುಬಿಟ್ಟೆ. ಕರೆದಾಗ ಎದ್ದು ಹೋಗದೆ ಕುಳಿತದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

"ನಾ ಬರಂಗಿಲ್ಲ! ನೀವ ಉಣ್ರಿ!" ಎಂದು ಕೂಗಿದೆ.

ಜಹೀರ ಪೀಪಿ ಬಿಟ್ಟು, ನೀರಿನಂಚಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ನಾನು ಅಲ್ಲಾಡಲಿಲ್ಲ. ಕಡೆಗೆ ಅವನು ನಗುತ್ತಾ ಒಂದು ಬೆರಳು ಎತ್ತಿ ತೋರಿಸಿದ, ಇನ್ನೊಂದೇ ತೆರೆ ಎಂದು.

ನಾನು ಎರಡು ಬೆರಳು ತೋರಿಸಿದೆ.